ಸ್ವಿಂಗ್ ಮುಗಿಯೋ ಹೊತ್ತಿಗೆ ಕಾಲು ನಿಲ್ಲಲ್ಲ, ಏನು ಮಾಡಲಿ?

ದಾವಣಗೆರೆಯಿಂದ ಪ್ರಶ್ನೆ:
ಬೆಂಗಳೂರಿಗೆ ಹೋದಾಗ ಕೋಚ್ ಹತ್ತಿರ ಗಾಲ್ಫ್ ಪಾಠ, ಉಳಿದ ದಿನ ಮನೆ ತಾರಸಿಯಲ್ಲಿ ಬಲೆ ಕಟ್ಟಿಕೊಂಡು ಅಭ್ಯಾಸ. ಬಲಗೈ ಆಟ. ಜೋರಾಗಿ ಬೀಸಿದರೆ ಒಂದೋ ಮುಂದಕ್ಕೆ ಮುಗ್ಗರಿಸುತ್ತೇನೆ, ಇಲ್ಲಾ ಬಲಗಾಲಿನ ಮೇಲೆ ಹಿಂದಕ್ಕೆ ವಾಲುತ್ತೇನೆ. ‘ಮೈ ಮೇಲೆ ಗಮನ ಇರಲಿ’ ಅಂತಾರೆ ಕೋಚ್. ಆ ಗಮನ ತರಿಸಿಕೊಳ್ಳೋದು ಹೇಗೆ?

ವಿದ್ಯಾನಗರದಿಂದ ಒಬ್ಬರು:
ಸರ್, ಎರಡೂ ಒಂದೇ ತೊಂದರೆ ಅಲ್ಲ. ಚೆಂಡಿನಿಂದ ದೂರ ನಿಂತು ಬಾಗಿದರೆ ಭಾರ ಕಾಲ್ಬೆರಳಿಗೆ ಬರುತ್ತೆ, ಮುಗ್ಗರಿಸುತ್ತೀರಿ. ಸ್ವಲ್ಪ ಹತ್ತಿರ ನಿಂತು ನೋಡಿ. ಹಿಂದಕ್ಕೆ ವಾಲೋದು ಬೇರೆ ಕಥೆ. ಕ್ಲಬ್ (ಚೆಂಡು ಹೊಡೆಯೋ ಕೋಲು) ಕೆಳಗೆ ಬರುವಾಗ ಭಾರ ಎಡಗಾಲಿಗೆ ದಾಟಬೇಕು, ನಿಮ್ಮದು ದಾಟುತ್ತಿಲ್ಲ. ಚೆಂಡನ್ನ ತಾವೇ ಮೇಲೆತ್ತಬೇಕು ಅಂತ ಹೊರಡೋರಿಗೆ ಇದು ಜಾಸ್ತಿ. ಎತ್ತೋ ಕೆಲಸ ಕ್ಲಬ್ಬಿನ ಮುಖದ ಓರೆ ನೋಡಿಕೊಳ್ಳುತ್ತೆ, ಅದಕ್ಕೇ ಬಿಡಿ.

ಇನ್ನು ಗಮನದ ಮಾತು. ನನಗೆ ಕೆಲಸಕ್ಕೆ ಬಂದದ್ದು ಫೋನು. ಎದುರಿಗೆ ಇಟ್ಟು ವಿಡಿಯೊ ಹಾಕಿ, ಚೆಂಡಿಲ್ಲದೆ ನಿಧಾನವಾಗಿ ಕ್ಲಬ್ ಎತ್ತಿ. ಮೇಲೆ ಹೋದ ಮೇಲೆ ಹಾಗೇ ನಿಲ್ಲಿ. ಭಾರ ಎಲ್ಲಿದೆ, ಹಿಮ್ಮಡಿಯಲ್ಲೋ ಪಾದದ ಹೊರ ಅಂಚಲ್ಲೋ, ಬಾಯಿಬಿಟ್ಟು ಹೇಳಿ. ಬಲಮಂಡಿ ಬಾಗಿದೆಯಾ, ನೆಟ್ಟಗಾಗಿದೆಯಾ, ಅದನ್ನೂ ಹೇಳಿ. ಆಮೇಲೆ ವಿಡಿಯೊ ನೋಡಿ. ಸೊಂಟ ತಿರುಗಿತು ಅಂದುಕೊಂಡಿರುತ್ತೀರಿ, ನೋಡಿದರೆ ಪಕ್ಕಕ್ಕೆ ಜಾರಿರುತ್ತೆ. ಮೊದಲು ಊಹೆ, ಆಮೇಲೆ ವಿಡಿಯೊ. ಸುಮ್ನೆ ವಿಡಿಯೊ ನೋಡ್ತಾ ಕೂತರೆ ಮೈಗೆ ಏನೂ ಹತ್ತಲ್ಲ.

ಎರಡೂ ಪಾದ ಜೋಡಿಸಿ ಅರ್ಧ ಸ್ವಿಂಗ್ ಮಾಡೋದು ಹಳೇ ಅಭ್ಯಾಸ, ಈಗಲೂ ಅದನ್ನ ಮೀರಿಸಿದ್ದು ಕಂಡಿಲ್ಲ. 8 ಅಥವಾ 9ನೇ ನಂಬರಿನ ಐರನ್ (ಲೋಹದ ತಲೆಯ ಗಿಡ್ಡ ಕ್ಲಬ್) ಸಾಕು. ತೋಳಿನಿಂದ ಎಳೆದಾಡಿದರೆ ತಕ್ಷಣ ತೂರಾಡುತ್ತೀರಿ. ಹೊಡೆದ ಮೇಲೆ ಎಡಗಾಲಲ್ಲಿ ನಿಂತು, ಬಲಗಾಲ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸಿ. ಆ ಕಾಲನ್ನ ಎತ್ತೋಕೆ ಆದರೆ ಭಾರ ದಾಟಿದೆ ಅಂತ ಲೆಕ್ಕ.

ಗರಡಿಯಲ್ಲಿ ಸಾಮು ಮಾಡಿದವರು:
ಅಣ್ಣಾ, ಕುಸ್ತಿಯಲ್ಲಿ ತಳ್ಳೋಕೆ ಎದುರಾಳಿ ಇರ್ತಾನೆ. ಗಾಲ್ಫಲ್ಲಿ ನಮ್ಮನ್ನ ತಳ್ಳೋರು ನಾವೇ! ಮಣ್ಣಲ್ಲಿ ಬರಿಗಾಲಲ್ಲಿ ನಿಂತವರಿಗೆ ಪಾದ ಎಲ್ಲಿ ಒತ್ತುತ್ತಿದೆ ಅನ್ನೋದು ತಾನಾಗೇ ಗೊತ್ತಾಗುತ್ತೆ. ಅಮೆರಿಕದ ಸ್ಯಾಮ್ ಸ್ನೀಡ್ ಅಲ್ಲಿನ ವೃತ್ತಿಪರ ಗಾಲ್ಫ್ ಸರಣಿ ಪಿಜಿಎ ಟೂರ್‌ನಲ್ಲಿ 82 ಟೂರ್ನಿ ಗೆದ್ದವರು, ಅವರೂ ಬರಿಗಾಲಲ್ಲಿ ಅಭ್ಯಾಸ ಮಾಡ್ತಿದ್ದರು. ಶೂ ಬಿಚ್ಚಿ ಹುಲ್ಲಿನ ಮೇಲೆ ನಿಧಾನಕ್ಕೆ ಬೀಸಿ ನೋಡಿ. ಜೋರು ಮಾಡಿದರೆ ಕಾಲು ಜಾರುತ್ತೆ, ಅಲ್ಲಿಗೆ ಜೋರು ತಾನೇ ಇಳಿಯುತ್ತೆ.

ಚಿತ್ರದುರ್ಗದಿಂದ:
ಒಂಟಿಕಾಲಲ್ಲಿ ಕಣ್ಣು ಮುಚ್ಚಿ ನಿಲ್ಲೋದನ್ನೂ ಸೇರಿಸಿ. ಮೈ ನಿಲ್ಲೋಕೆ ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳಿಂದ ಬರೋ ಸುದ್ದಿ, ಮೂರೂ ಬೇಕು. ಕಣ್ಣು ಮುಚ್ಚಿದರೆ ಉಳಿದ ಎರಡಕ್ಕೆ ಕೆಲಸ ಬೀಳುತ್ತೆ. ಗೋಡೆ ಕೈಗೆ ಸಿಗೋ ಹಾಗಿರಲಿ. ನಾನು ಕೋಟೆ ಹತ್ತುತ್ತೇನೆ, ಆದರೆ ಕಾಲಿಗೆ ಪಾಠ ಆಗೋದು ಇಳಿಯುವಾಗ. ಒಂದೊಂದೇ ಮೆಟ್ಟಿಲು, ಮಂಡಿ ಒಳಕ್ಕೆ ವಾಲದ ಹಾಗೆ ಇಳೀಬೇಕು. ಮಳೆಗಾಲದಲ್ಲಿ ಮಾತ್ರ ಬೇಡ, ಬಂಡೆ ಜಾರುತ್ತೆ.

ಪ್ರಶ್ನೆ ಕೇಳಿದವರು:
ಅಲುಗಾಡೋ ಬ್ಯಾಲೆನ್ಸ್ ಬೋರ್ಡ್ ತರಿಸಲಾ? ಅದರ ಮೇಲೆ ನಿಂತೇ ಹೊಡೆಯೋದನ್ನ ಎಲ್ಲೋ ನೋಡಿದೆ.

ವಿದ್ಯಾನಗರದಿಂದ:
ನನ್ನ ಕೇಳಿದರೆ ಬೇಡ. ಆಟ ಇರೋದು ಗಟ್ಟಿ ನೆಲದ ಮೇಲೆ ಅಲ್ವಾ? ಸುಮ್ನೆ ನಿಲ್ಲೋಕೆ ಬೇಕಾದರೆ ತನ್ನಿ, ಅದರ ಮೇಲೆ ಕ್ಲಬ್ ಬೀಸಬೇಡಿ. ಕಣ್ಣು ಮುಚ್ಚಿ ಬೀಸೋದಿದ್ದರೂ ತಾರಸಿಯಲ್ಲಿ ಬೇಡ, ಕೆಳಗೆ ಅಂಗಳದಲ್ಲಿ ಮಾಡಿ, ಮಕ್ಕಳನ್ನ ಒಳಗೆ ಕಳಿಸಿ. ಸೊಂಟ ನೋವು, ತಲೆಸುತ್ತು ಏನಾದರೂ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ.