ಮಂಡಿ ಮಡಚಿದ ಹಾಗೆ ಬೇರು, ಇದು ಯಾವ ಮರ?

ತೋಟದವ:
ಸಿದ್ದಾಪುರ ಕಡೆ ನಮ್ಮ ಅಡಿಕೆ ತೋಟದ ತಲೆಯಲ್ಲೊಂದು ಜಡ್ಡಿ, ಅಂದರೆ ಕೆಸರು ಜೌಗು, ಇದೆ. ಏಪ್ರಿಲ್‌ನಲ್ಲೂ ಕಾಲಿಟ್ಟರೆ ಹೂತುಹೋಗುತ್ತದೆ. ಅಲ್ಲಿ ಐದಾರು ದೊಡ್ಡ ಮರ, ಬೇರುಗಳು ಕೆಸರಿನಿಂದ ಎದ್ದು ಮಂಡಿ ಮಡಚಿದ ಹಾಗೆ ಬಾಗಿ ಮತ್ತೆ ಕೆಸರಿಗೇ ಇಳಿದಿವೆ, ಕತ್ತಿ ತಾಗಿದಲ್ಲಿ ರಕ್ತದಂಥ ಕೆಂಪು ಸೊನೆ. ಅಪ್ಪಯ್ಯ ರಾಮಪತ್ರೆ ಅನ್ನುತ್ತಾರೆ. ಆದರೆ ಬೆಟ್ಟದಲ್ಲಿರುವ ರಾಮಪತ್ರೆಗೆ ಇಂಥ ಬೇರಿಲ್ಲ. ತಮ್ಮನಿಗೆ ಬಸಿಗಾಲುವೆ ತೆಗೆದು ಅಲ್ಲೂ ಅಡಿಕೆ ಹಾಕುವ ಆಸೆ. ನೀರು ಬಸಿದರೆ ಮರ ಉಳಿಯುತ್ತಾ?

ಕಾನುಮನೆ:
ಅಪ್ಪಯ್ಯ ಹೇಳಿದ್ದು ಪೂರ್ತಿ ತಪ್ಪಲ್ಲ, ರಾಮಪತ್ರೆಯ ಹಾಗೆ ಇದೂ ಜಾಯಿಕಾಯಿ ಕುಟುಂಬದ್ದೇ. ಕೆಂಪು ಸೊನೆ ಆ ಕುಟುಂಬದ್ದೇ ಗುರುತು. ಮಂಡಿ ಬೇರು ಇದ್ದರೆ ಜಿಮ್ನಾಕ್ರಾಂಥೆರಾ ಕೆನರಿಕಾ ಇರಬೇಕು, ಎಲೆಯ ಅಡಿ ಬಿಳಿಚಿದೆಯಾ ನೋಡಿ. ಹೆಸರಲ್ಲೇ ಕೆನರಾ ಇದೆ, ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಕೆಸರಲ್ಲಿ ಗಾಳಿಯಾಡುವುದಿಲ್ಲ, ಅದಕ್ಕೇ ಬೇರು ಮೇಲೆ ಬಂದು ಉಸಿರಾಡುತ್ತದೆ. ಕಾಂಡದಿಂದ ಊರುಗೋಲಿನ ಹಾಗೆ ಬೇರು ಇಳಿದಿದ್ದರೆ ಅದು ಬೇರೆ, ಮಿರಿಸ್ಟಿಕಾ ಮ್ಯಾಗ್ನಿಫಿಕಾ.

ಮಂಗಟ್ಟೆ:
ಕಾಲುವೆ ಮಾತ್ರ ತೆಗೆಯಬೇಡಿ ಮಾರಾಯ್ರೆ. ದೊಡ್ಡ ಮರ ನಾಲ್ಕು ವರ್ಷ ನಿಂತಿರಬಹುದು, ಆಮೇಲೆ ಸಸಿ ಏಳುವುದಿಲ್ಲ. ಬೀಜ ಒಣಗಿದರೆ ಸತ್ತ ಹಾಗೆ, ಬಿದ್ದ ಕೂಡಲೇ ಹಸಿ ನೆಲ ಸಿಗಬೇಕು. ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ಹಾಗಾಗಿ ಐದಾರರಲ್ಲಿ ಒಂದೆರಡನ್ನು ಕಡಿದರೂ ಲೆಕ್ಕ ತಪ್ಪುತ್ತದೆ. ಇನ್ನೊಂದು, ಅಲ್ಲಿ ಗೇರಿನ ಜಾತಿಯ ದೊಡ್ಡ ಎಲೆಯ ಮರ ಇದ್ದರೆ ಸುಮ್ನೆ ಸೊನೆ ಮುಟ್ಟಲು ಹೋಗಬೇಡಿ, ಮೈ ಸುಟ್ಟೀತು. ನಿಮ್ಮ ಸಿದ್ದಾಪುರ ಕಡೆಯದೇ ಕಾಡಾದ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕಿದ ಅಂಥದ್ದೊಂದಕ್ಕೆ 2000ದಲ್ಲಷ್ಟೇ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಹೆಸರಿಟ್ಟರು. ಅಳಿವಿನಂಚಿನ ಮರ.

ಅಡಿಕೆಮಂಡಿ:
ಹೇಳುವುದು ಸುಲಭ ಸ್ವಾಮಿ. ಅರ್ಧ ಎಕರೆ ಸುಮ್ನೆ ಬಿಟ್ಟರೆ ಅವರಿಗೇನು ಸಿಗುತ್ತೆ?

ಕಾನುಮನೆ:
ಬೇಸಗೆಯಲ್ಲಿ ತೋಟಕ್ಕೆ ನೀರು ಎಲ್ಲಿಂದ ಬರುತ್ತದೆ ಅಂತ ತೋಟದವರನ್ನೇ ಕೇಳಿ.

ತೋಟದವ:
ಅಲ್ಲಿಂದಲೇ! ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ಇಳಿಸಿಕೊಳ್ಳುತ್ತೇವೆ, ಮೇ ತಿಂಗಳಲ್ಲೂ ನಿಂತಿದ್ದಿಲ್ಲ. ಇದನ್ನು ತಮ್ಮನಿಗೆ ಹೇಳಿದೆ, ಬೋರ್ ಹಾಕಿಸಿದರಾಯ್ತು ಅಂದ. ಅಪ್ಪಯ್ಯ ಒಂದು ನೋಟ ನೋಡಿದರು ಅಷ್ಟೆ, ಸದ್ಯ ಗುದ್ದಲಿ ಅಟ್ಟಕ್ಕೆ ಹೋಗಿದೆ. ನಾಳೆ ಎಲೆಯ ಅಡಿ ಭಾಗದ ಫೋಟೊ ಹಾಕುತ್ತೇನೆ.