ಪೂರ್ವಗ್ರಹಗಳ ಬಗ್ಗೆ ತಿಳಿದಿದ್ದರೆ ತೀರ್ಮಾನ ಸುಧಾರಿಸುತ್ತದೆಯೇ?

ಪ್ರಶ್ನೆ:
ಸಂದರ್ಶನ ಸಮಿತಿಯ ಸದಸ್ಯರಾದ ನಮಗೆಲ್ಲ ಅರಿವಿನ ಪೂರ್ವಗ್ರಹಗಳ ಕುರಿತು ತರಬೇತಿಯಾಗಿದೆ. ಮೊದಲು ಕಿವಿಗೆ ಬಿದ್ದ ಅಂಕಿಗೆ ಮನಸ್ಸು ಕಟ್ಟುಬೀಳುವುದು, ತನ್ನ ನಂಬಿಕೆಗೆ ಹೊಂದುವ ಪುರಾವೆಯನ್ನಷ್ಟೇ ಹುಡುಕುವುದು ಮುಂತಾದವು ಎಲ್ಲರಿಗೂ ಗೊತ್ತು. ಆದರೂ ಹಿರಿಯ ಸದಸ್ಯರು ಅಭ್ಯರ್ಥಿಯೊಬ್ಬರಿಗೆ ಇಂತಿಷ್ಟು ಅಂಕ ಎಂದೊಡನೆ ಉಳಿದವರ ಅಂಕಗಳೂ ಅದರ ಆಸುಪಾಸಿನಲ್ಲೇ ಬಂದು ನಿಲ್ಲುತ್ತವೆ. ಹಾಗಿದ್ದರೆ ಈ ತಿಳಿವಳಿಕೆಯಿಂದ ಪ್ರಯೋಜನವೇನು?

ಉತ್ತರ 1:
ಬರೀ ತಿಳಿವಳಿಕೆಯಿಂದ ಹೆಚ್ಚೇನೂ ಆಗದು. ಮನಶ್ಶಾಸ್ತ್ರಜ್ಞರಾದ ಆಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1974ರಲ್ಲಿ ವಿವರಿಸಿದ ಪ್ರಯೋಗವೊಂದರಲ್ಲಿ, ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕದ ದೇಶಗಳು ಶೇಕಡ ಎಷ್ಟು ಎಂದು ಕೇಳುವ ಮೊದಲು ಜನರ ಕಣ್ಣೆದುರೇ ಅಂಕಿಗಳಿದ್ದ ಚಕ್ರವನ್ನು ತಿರುಗಿಸಲಾಯಿತು. ಅದು 10ರಲ್ಲಿ ನಿಂತದ್ದನ್ನು ಕಂಡವರ ಅಂದಾಜಿನ ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) 25 ಆಗಿದ್ದರೆ, 65ರಲ್ಲಿ ನಿಂತದ್ದನ್ನು ಕಂಡವರದು 45 ಆಗಿತ್ತು. ನಿಖರ ಉತ್ತರಕ್ಕೆ ಹಣ ಕೊಡುತ್ತೇವೆಂದರೂ ಈ ಸೆಳೆತ ತಗ್ಗಲಿಲ್ಲ. ಆದ್ದರಿಂದ ಸದಸ್ಯರ ಮನಸ್ಸನ್ನು ತಿದ್ದುವ ಬದಲು ಕೆಲಸದ ಕ್ರಮವನ್ನು ತಿದ್ದಿರಿ. ಒಂದೊಂದು ಗುಣಕ್ಕೂ ಬೇರೆಬೇರೆಯಾಗಿ ಅಂಕ ಬರೆದು ಎಲ್ಲರೂ ಒಪ್ಪಿಸಿದ ಮೇಲಷ್ಟೇ ಚರ್ಚೆ ಆರಂಭವಾಗಲಿ.

ಉತ್ತರ 2:
ಕ್ರಮದ ವಿಷಯದಲ್ಲಿ ನನಗೂ ಸಮ್ಮತಿಯಿದೆ, ಆದರೆ ಚಕ್ರದ ಅಂಕಿಯನ್ನೂ ಹಿರಿಯರ ಅಂಕವನ್ನೂ ಒಂದೇ ಸಾಲಿನಲ್ಲಿಡಲಾಗದು. ಚಕ್ರದಲ್ಲಿ ಮಾಹಿತಿಯೇ ಇಲ್ಲ. ಹಿರಿಯರ ಅಂಕದಲ್ಲಿ ಅನುಭವ ಇದ್ದೀತು, ಅದಕ್ಕೆ ಒಂದಿಷ್ಟು ಬೆಲೆ ಕೊಡುವುದು ದೋಷವಲ್ಲ. ನಾವು ದೋಷವೆನ್ನುವುದು ಎಷ್ಟೋ ಸಲ ಮಾಹಿತಿ ಕೊಟ್ಟ ರೀತಿಯಿಂದ ಹುಟ್ಟಿರುತ್ತದೆ ಎಂಬುದು ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಅವರ ವಾದ. ರೋಗ ಶೇ. 1ರಷ್ಟು ಜನರಲ್ಲಿದೆ, ಪರೀಕ್ಷೆ ರೋಗಿಗಳಲ್ಲಿ ಶೇ. 80ರಷ್ಟನ್ನು ಹಿಡಿಯುತ್ತದೆ, ರೋಗವಿಲ್ಲದವರಲ್ಲೂ ಶೇ. 9.6ರಷ್ಟು ಜನರಿಗೆ ರೋಗವಿದೆ ಎನ್ನುತ್ತದೆ ಎಂದು ಹೇಳಿ, ರೋಗವಿದೆಯೆಂಬ ಫಲಿತಾಂಶ ಬಂದವರಲ್ಲಿ ನಿಜವಾದ ರೋಗಿಗಳೆಷ್ಟು ಎಂದು ಕೇಳಿದರೆ ಹೆಚ್ಚಿನವರು ಎಡವುತ್ತಾರೆ. ಅದನ್ನೇ, ಸಾವಿರ ಜನರಲ್ಲಿ 10 ರೋಗಿಗಳ ಪೈಕಿ 8 ಮಂದಿಗೂ ಉಳಿದ 990 ಜನರ ಪೈಕಿ ಸುಮಾರು 95 ಮಂದಿಗೂ ರೋಗವಿದೆಯೆಂಬ ಫಲಿತಾಂಶ ಬರುತ್ತದೆ ಎಂದು ಹೇಳಿದರೆ, ಹಾಗೆ ಬಂದ 103 ಜನರಲ್ಲಿ ನಿಜವಾದ ರೋಗಿಗಳು ಎಂಟೇ ಎಂಬುದು ತಾನಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಮೊದಲೇ ಬರೆದುಕೊಟ್ಟರೆ ಪ್ರತಿಯೊಬ್ಬರೂ ತಮ್ಮ ಅಂಕವನ್ನೇ ಸಮರ್ಥಿಸಿಕೊಂಡು ಚರ್ಚೆ ಹಟವಾಗುವುದಿಲ್ಲವೇ?

ಉತ್ತರ 1:
ಆ ಅಪಾಯವಿದೆ. ಮನಶ್ಶಾಸ್ತ್ರಜ್ಞೆ ಎಮಿಲಿ ಪ್ರೋನಿನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದಂತೆ, ಜನರು ಇತರರಲ್ಲಿ ಗುರುತಿಸುವಷ್ಟು ಪೂರ್ವಗ್ರಹವನ್ನು ತಮ್ಮಲ್ಲಿ ಕಾಣುವುದಿಲ್ಲ; ಹಾಗಾಗಿ ತಮ್ಮ ಅಂಕವೇ ಸರಿಯೆಂದು ಹಟ ಹಿಡಿಯಬಹುದು. ಅಂಕ ಬದಲಿಸಲು ಅವಕಾಶವಿರಲಿ, ಆದರೆ ಅಭ್ಯರ್ಥಿಯ ಯಾವ ಉತ್ತರದಿಂದಾಗಿ ಬದಲಿಸಿದೆವೆಂದು ಬರೆಯಬೇಕೆಂಬ ನಿಯಮವೂ ಇರಲಿ. ಹಿರಿಯರು ಕೊನೆಯಲ್ಲಿ ಮಾತನಾಡಲಿ.