ಅಪ್‌ಡೇಟ್: ಸೀಸದ ಸೈನಿಕರ ಮೇಲಿನ ಬಿಳಿ ಪುಡಿ ಮತ್ತು ಪುಸ್ತಕದ ಆಯ್ಕೆ

ಹಳೆಯ ಸೀಸದ ಆಟಿಕೆ ಸೈನಿಕರ ಮೇಲೆ ಕಾಣಿಸಿದ ಬಿಳಿ ಪುಡಿ ಏನು, ಅವುಗಳಿಗೆ ಹೊಸ ಬಣ್ಣ ಬಳಿಯಬಹುದೇ, ಅವುಗಳನ್ನು ಗುರುತಿಸಲು ಯಾವ ಬಗೆಯ ಪುಸ್ತಕ ಕೊಳ್ಳಬೇಕು ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಓಕ್‌ನಂತಹ ಮರದಿಂದ ಹೊರಬರುವ ಅಸಿಟಿಕ್ ಆಮ್ಲದ ಆವಿಯು ತೇವದೊಡನೆ ಸೇರಿ ಸೀಸವನ್ನು ಕೊರೆದು ಈ ಬಿಳಿ ಪುಡಿಯನ್ನು ಉಂಟುಮಾಡುತ್ತದೆ ಎಂಬ ನಿಮ್ಮ ವಿವರಣೆಯಂತೆ, ಗೊಂಬೆಗಳನ್ನು ಮರದ ಕಪಾಟಿನಿಂದ ತೆಗೆದು, ಗಾಜು ಮತ್ತು ಲೋಹದ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇರಿಸಿದ್ದೇನೆ. ಪುಡಿ ವಿಷಕಾರಿಯಾದ್ದರಿಂದ ಕೈಗವಸು ತೊಟ್ಟೇ ಮುಟ್ಟುತ್ತೇನೆ. ಬಣ್ಣದ ವಿಚಾರ ಕೈಬಿಟ್ಟೆ; ಮಾಸಿದ್ದರೂ ಮೂಲ ಬಣ್ಣಕ್ಕೇ ಸಂಗ್ರಾಹಕರಲ್ಲಿ ಬೆಲೆ.

ಪುಸ್ತಕದ ವಿಷಯದಲ್ಲಿ, ಹೊಳಪು ಚಿತ್ರಗಳ ದಪ್ಪ ಸಂಪುಟಕ್ಕಿಂತ (ಅದು ನೋಡಲು ಸೊಗಸೇ, ನಿಜ) ಸೆಟ್ ಸಂಖ್ಯೆ, ತಯಾರಿಕೆಯ ಅವಧಿ, ಪೀಠದ ಆಕಾರ, ಪೆಟ್ಟಿಗೆಯ ಲೇಬಲ್ ಇವನ್ನೆಲ್ಲ ದಾಖಲಿಸಿದ ಕೈಪಿಡಿಯೇ ಹೆಚ್ಚು ಉಪಯೋಗಕ್ಕೆ ಬಂತು. ಅದರಿಂದ ತಿಳಿದಂತೆ, ಇಂಗ್ಲೆಂಡಿನ ಆಟಿಕೆ ತಯಾರಕ ಬ್ರಿಟನ್ಸ್ ಸಂಸ್ಥೆ 1893ರಲ್ಲಿ ಟೊಳ್ಳು ಎರಕದ ಸೈನಿಕರನ್ನು ಹೊರತಂದು, 1966ರ ಸುಮಾರಿಗೆ ಸೀಸದ ತಯಾರಿಕೆಯನ್ನು ನಿಲ್ಲಿಸಿತು. ಅಚ್ಚಿಗೆ ಸುರಿದ ಲೋಹದ ಹೊರಪದರ ಗಟ್ಟಿಯಾದೊಡನೆ ಒಳಗಿನ ದ್ರವವನ್ನು ಹೊರಚೆಲ್ಲುತ್ತಿದ್ದ ಆ ವಿಧಾನದಿಂದಾಗಿ ಗೊಂಬೆಗಳು ಹಗುರ. ನನ್ನಲ್ಲಿರುವ ಭಾರವಾದ ಇಬ್ಬರು ಕುದುರೆ ಸವಾರರು ಗಟ್ಟಿ ಎರಕದವರು, ಹಾಗಾಗಿ ಬೇರೆ ತಯಾರಕರದ್ದೇ ಇರಬೇಕು. ಅವರ ಪೀಠದಡಿ ಯಾವ ಗುರುತೂ ಇಲ್ಲ, ಹುಡುಕಾಟ ಮುಂದುವರಿದಿದೆ.